ಎರಡೂವರೆ ಸ್ಟಾರ್: ಒಂದು ಕಾವು ಪೆಟ್ಟಿಗೆ, ಎರಡು ಸೊಟ್ಟ ಬಾಲ

ಮೊಟ್ಟೆಗೆ ಕಾವು ಕೊಡುವ ಈ ಪೆಟ್ಟಿಗೆಗೆ ಜುಲೈ ಕೊನೆಯಲ್ಲೇ ಒಂದು ಸ್ಟಾರ್ ಕೊಟ್ಟು, ಬಾಯಿಗೆ ಬಂದಂತೆ ಬೈದು ಬರೆದಿಟ್ಟಿದ್ದೆ. ಹಾಕುವ ಮುಂಚೆ ಒಂದು ರಾತ್ರಿ ತಡೆಯೋಣ ಅಂದುಕೊಂಡೆ. ಆ ಒಂದು ರಾತ್ರಿ ಮೂರು ತಿಂಗಳಾಯಿತು. ಈಗ ಕೊಡುತ್ತಿರುವುದು ಎರಡೂವರೆ. ಜಾಸ್ತಿಯಾದ ಒಂದೂವರೆ ಸ್ಟಾರ್ ಎಲ್ಲಿಂದ ಬಂತು ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುವುದಿಲ್ಲ. ಹಾಕಿದರೂ ಉಪಯೋಗವಿಲ್ಲ. ಇದೇ ಬಿಳಿ ಥರ್ಮೋಕೋಲ್ ಪೆಟ್ಟಿಗೆಯನ್ನು ಹತ್ತು ಜನ ಹತ್ತು ಹೆಸರಲ್ಲಿ ಮಾರುತ್ತಾರೆ. ಮುಚ್ಚಳದಲ್ಲಿ ಪ್ಲಾಸ್ಟಿಕ್ ಕಿಟಕಿ, ಒಳಗೆ ಅಂಗೈಯಗಲದ ಫ್ಯಾನು, ಅದರ ಸುತ್ತ ಬಿಸಿಯಾಗುವ ತಂತಿ, ಹೊರಗೆ ಕೆಂಪು ಅಂಕಿಯ ಪುಟ್ಟ ಪರದೆ. ಬೆಲೆ 70 ಡಾಲರ್ ಚಿಲ್ಲರೆ. ಅವರು ಮಾಡಿರುವುದು ಕೋಳಿ ಮೊಟ್ಟೆಗೆ. ನಾನು ತಂದಿದ್ದು ಹಲ್ಲಿ ಮೊಟ್ಟೆಗೆ.

ಹಲ್ಲಿ ಅಂದರೆ ಗೋಡೆ ಹಲ್ಲಿಯಲ್ಲ, ಲೆಪರ್ಡ್ ಗೆಕ್ಕೊ. ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಒಣ ಕಲ್ಲುನೆಲದ ಪ್ರಾಣಿ. ಮೈಮೇಲೆ ಚಿರತೆಯಂತೆ ಚುಕ್ಕೆ. ಕಣ್ಣಿಗೆ ಮುಚ್ಚಿ ತೆರೆಯುವ ರೆಪ್ಪೆ ಇದೆ. ಬೆರಳಲ್ಲಿ ಅಂಟು ಇಲ್ಲ, ಹಾಗಾಗಿ ಗೋಡೆ ಹತ್ತುವುದಿಲ್ಲ. ತಿಪಟೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಮೊದಲ ಸಲ ತೋರಿಸಿದಾಗ, "ಶಿವನೇ, ಹಲ್ಲೀನ ಯಾರಾದ್ರೂ ದುಡ್ಡು ಕೊಟ್ಟು ತರ್ತಾರೇನೋ?" ಅಂದರು. ಆಮೇಲೆ, "ನಾನಂತೂ ಕಂಚಿಗೆ ಹೋಗಿ ಬಂಗಾರದ ಹಲ್ಲಿ ಮುಟ್ಟಿ ಬಂದಿದೀನಿ, ನಂಗೇನೂ ಆಗಲ್ಲ" ಅಂತ ತಾವೇ ಸಮಾಧಾನ ಮಾಡಿಕೊಂಡರು.

ನಾವಿರುವುದು ಅಮೆರಿಕದಲ್ಲಿ, ಓಹಾಯೊದ ಕೊಲಂಬಸ್‌ನಲ್ಲಿ. ಮಗಳಿಗೆ ಹನ್ನೆರಡು ವರ್ಷ. ನಾಯಿ ಬೇಡ, ಬೆಕ್ಕು ಬೇಡ ಅಂತ ಎರಡು ವರ್ಷ ಎಳೆದಾಡಿ, ಕೊನೆಗೆ ಹಾವು, ಹಲ್ಲಿ ಮಾರುವ ಒಂದು ರೆಪ್ಟೈಲ್ ಮೇಳದಲ್ಲಿ ಒಂದೇ ಟೇಬಲ್ಲಿನಿಂದ ಒಂದು ಜೋಡಿ ತಂದೆವು. ಗಂಡಿಗೆ ಹುಣಸೆ, ಹೆಣ್ಣಿಗೆ ಬೆಲ್ಲ ಅಂತ ಅವಳೇ ಹೆಸರಿಟ್ಟಳು. ಹೋದ ಮೇ ತಿಂಗಳಲ್ಲಿ ಬೆಲ್ಲ ಮೊಟ್ಟೆ ಇಟ್ಟಿತು. ಆಗಲೇ ಈ ಪೆಟ್ಟಿಗೆ ಮನೆಗೆ ಬಂದಿದ್ದು.

ಈ ಜಾತಿಯಲ್ಲಿ ಒಂದು ಸಲಕ್ಕೆ ಎರಡೇ ಮೊಟ್ಟೆ. ಎರಡು ಮೂರು ವಾರ ಬಿಟ್ಟು ಮತ್ತೆ ಎರಡು. ಕೋಳಿ ಮೊಟ್ಟೆಯಂತೆ ಗಟ್ಟಿ ಚಿಪ್ಪಿಲ್ಲ, ಮುಟ್ಟಿದರೆ ತೆಳು ಚರ್ಮದ ಹಾಗೆ. ತಾಯಿ ಕಾವು ಕೊಡುವುದಿಲ್ಲ, ಮಣ್ಣಲ್ಲಿ ಮುಚ್ಚಿ ಹೋಗುತ್ತದೆ. ಕಾವಿನ ಮೇಲೆಯೇ ಮರಿ ಗಂಡೋ ಹೆಣ್ಣೋ ಅನ್ನುವುದು ತೀರ್ಮಾನ. 26 ಡಿಗ್ರಿ ಆಸುಪಾಸಿನಲ್ಲಿಟ್ಟರೆ ಹೆಚ್ಚೂಕಡಿಮೆ ಎಲ್ಲ ಹೆಣ್ಣು. 32ರ ಮೇಲೆ ಸ್ವಲ್ಪ ಹೋದರೆ ಬಹುಪಾಲು ಗಂಡು. ಇನ್ನೂ ಮೇಲೆ, 34 ದಾಟಿದರೆ ಮತ್ತೆ ಹೆಣ್ಣು ಜಾಸ್ತಿ. ಅದರಾಚೆ ಹೋದರೆ ಗಂಡೂ ಇಲ್ಲ ಹೆಣ್ಣೂ ಇಲ್ಲ, ಮೊಟ್ಟೆಯೇ ಸಾಯುತ್ತದೆ. ನಾನು 31.5ಕ್ಕೆ ಇಟ್ಟೆ. ಎರಡೂ ಸಿಗಲಿ ಅಂತ.

ಮೊದಲ ಎರಡು ಮೊಟ್ಟೆ ಮೇ 19ರದು. ಜುಲೈ ಮೊದಲ ವಾರ ಮರಿಯಾಯಿತು. ನೇರ ಬಾಲ, ಕಡ್ಡಿಯಂತೆ ಮೈ, ಬುಸ್ ಅನ್ನುವ ಕೋಪ. ಪೆಟ್ಟಿಗೆಗೆ ಆಗ ಕೇಳಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಎರಡನೇ ಜೋಡಿ ಜೂನ್ 7ರದು. ಜುಲೈ 23ರ ಬೆಳಗ್ಗೆ ಒಂದು ಹೊರಗೆ ಬಂತು. ಮಗಳು ಕಿರುಚಿದ್ದು ಖುಷಿಗೆ ಅಂದುಕೊಂಡು ಓಡಿದೆ. ಬಾಲ ನಡುವಿನಲ್ಲಿ ಎಡಕ್ಕೆ ಮಡಚಿಕೊಂಡಿತ್ತು, ನಲ್ಲಿಯ ಪೈಪು ಗೋಡೆಯ ಮೂಲೆಯಲ್ಲಿ ತಿರುಗುತ್ತದಲ್ಲ, ಹಾಗೆ. ಮೊಟ್ಟೆಯೊಳಗೆ ಬಾಲ ಮೈಗೆ ಸುತ್ತಿಕೊಂಡೇ ಇರುತ್ತದೆ, ಒಂದೆರಡು ದಿನದಲ್ಲಿ ನೆಟ್ಟಗಾಗಬಹುದು ಅಂದೆ. ಮರುದಿನ ಇನ್ನೊಂದು ಬಂತು. ಅದರ ಬಾಲದಲ್ಲಿ ಎರಡು ತಿರುವು, ತುದಿ ಮೇಲಕ್ಕೆ ಕೊಕ್ಕೆ. ವಾರವಾದರೂ ಎರಡೂ ಹಾಗೇ. ಬೆರಳಿಟ್ಟು ನೋಡಿದರೆ ಒಳಗೆ ಗಟ್ಟಿ ಗಂಟು. ನಾಯಿ ಬಾಲವನ್ನಾದರೂ ಕೊಳವೆಗೆ ಹಾಕಿ ನೋಡುತ್ತಾರೆ. ಮೂರು ಗ್ರಾಂ ತೂಕದ ಮರಿಗೆ ಏನು ಮಾಡಲು ಸಾಧ್ಯ? ದೊಡ್ಡದಕ್ಕೆ ಮಗಳು ಬುಗುರಿ ಅಂತಲೂ ಚಿಕ್ಕದಕ್ಕೆ ಕೊಕ್ಕೆ ಅಂತಲೂ ಕರೆದಳು.

ಇಲ್ಲಿಗೆ ಆ ಒಂದು ಸ್ಟಾರಿನ ಬೈಗುಳ ಬರೆದಿದ್ದು. ಕಂಪನಿಗೂ ಒಂದು ಮೇಲ್ ಹಾಕಿದೆ. ಉತ್ತರ ಬಂತು: ದಯವಿಟ್ಟು ಮೊಟ್ಟೆಗಳನ್ನು ದಿನಕ್ಕೆ ಮೂರು ಸಲ ತಿರುಗಿಸಿ. ನಾನು ಅರ್ಧ ನಿಮಿಷ ಪರದೆ ನೋಡುತ್ತಾ ಕೂತೆ. ಕೋಳಿ ಮೊಟ್ಟೆ ತಿರುಗಿಸಬೇಕು, ನಿಜ. ಹಲ್ಲಿ ಮೊಟ್ಟೆಯಲ್ಲಿ ಭ್ರೂಣ ಸುಮಾರು ಒಂದು ದಿನದೊಳಗೆ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ನಿಲ್ಲುತ್ತದೆ. ಆಮೇಲೆ ತಿರುಗಿಸಿದರೆ ಕೊಂದ ಹಾಗೆಯೇ. ಪೆಟ್ಟಿಗೆಯ ಜೊತೆ ಬಂದಿದ್ದ ತಾನಾಗಿ ತಿರುಗಿಸುವ ತಟ್ಟೆಯನ್ನು ಮೊದಲ ದಿನವೇ ತೆಗೆದಿಟ್ಟಿದ್ದೆ. ಮೊಟ್ಟೆಯ ನೆತ್ತಿಗೆ ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟಿದ್ದೆ, ಅದು ಕೊನೆಯವರೆಗೂ ಮೇಲೇ ಇತ್ತು. ಇದನ್ನೇ ಓದುತ್ತಿರುವ ಯಾರಾದರೂ ಇಂಥ ಪೆಟ್ಟಿಗೆ ತಂದರೆ ದಯವಿಟ್ಟು ಆ ತಟ್ಟೆ ತೆಗೆಯಿರಿ.

ಹೆಂಡತಿ ಒಂದು ಮಾತು ಕೇಳಿದಳು. "ಪೆಟ್ಟಿಗೇದೇ ತಪ್ಪು ಅಂತ ನಿಮಗೆ ಹೇಗೆ ಗೊತ್ತು? ಅದೇ ಪೆಟ್ಟಿಗೆಯಲ್ಲಿ ಮೊದಲ ಎರಡು ಚೆನ್ನಾಗೇ ಬಂತಲ್ಲ?" ಉತ್ತರ ಇರಲಿಲ್ಲ. ಹಾಗಾಗಿ ಮರಿಗಳನ್ನು ಡಾಕ್ಟರ ಹತ್ತಿರ ಒಯ್ದೆ.

ಮನೆಯಿಂದ ಮುಕ್ಕಾಲು ಗಂಟೆ ದಾರಿ. ಹಾವು, ಆಮೆ, ಗಿಳಿ ನೋಡುವ ಪಶುವೈದ್ಯೆ. ಪೆಟ್ಟಿಗೆಗೆ ಕೊಟ್ಟದ್ದರ ಮೂರು ಪಟ್ಟು ಅಲ್ಲಿ ಕೊಟ್ಟೆ. ಬೇಜಾರಿಲ್ಲ. ಇವರಿಗೆ ಬೇರೆ ರಿವ್ಯೂ ಬರೆದರೆ ಐದಕ್ಕೆ ಐದು. ಮರಿಯನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಎಕ್ಸ್-ರೇ ತೆಗೆದರು. ಪರದೆ ಮೇಲೆ ಬೆನ್ನೆಲುಬು ಮಣಿಸರದಂತೆ ಕಾಣುತ್ತಿತ್ತು. ಬಾಲದ ತಿರುವಿನಲ್ಲಿ ಎರಡು ಮಣಿ ಒಂದು ಪಕ್ಕಕ್ಕೆ ಅಂಟಿಕೊಂಡು, ತುಂಡು ಬೆಲ್ಲದಂತೆ ಓರೆಯಾಗಿದ್ದವು. "ಇದು ಮುರಿದದ್ದಲ್ಲ. ಮೂಡುವಾಗಲೇ ಹೀಗೆ ಮೂಡಿದೆ" ಅಂದರು. ಮೂಳೆ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತಿದೆ, ಹಾಗಾಗಿ ಮರಿಗೆ ಸುಣ್ಣದ ಕೊರತೆಯಲ್ಲ ಅಂತಲೂ ಹೇಳಿದರು.

ಅವರು ಹೇಳಿದ್ದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಒಂದು ಸರಳ ವಿಷಯ. ಹುಟ್ಟುವಾಗ ನೇರವಿದ್ದ ಬಾಲ ತಿಂಗಳು ಎರಡು ತಿಂಗಳಲ್ಲಿ ಅಂಕುಡೊಂಕಾದರೆ ಅದು ಊಟದ ತಪ್ಪು. ಕ್ಯಾಲ್ಸಿಯಂ ಇಲ್ಲ, ವಿಟಮಿನ್ ಡಿ3 ಇಲ್ಲ, ಮೂಳೆ ಮೆತ್ತಗಾಗಿದೆ. ದವಡೆ, ಕಾಲು ಕೂಡ ಬಾಗುತ್ತವೆ. ಹುಟ್ಟುವಾಗಲೇ ಡೊಂಕಿದ್ದರೆ ತಾಯಿ, ತಂದೆ, ಇಲ್ಲವೇ ಕಾವು. ಇಷ್ಟು ಹೇಳಿ ನನ್ನನ್ನು ಪ್ರಶ್ನೆ ಕೇಳಲು ಶುರುಮಾಡಿದರು. ಪೊಲೀಸ್ ಸ್ಟೇಷನ್ನಿನಲ್ಲಿ ಕೂತ ಹಾಗಿತ್ತು.

ತಾಯಿಗೆ ಏನು ಹಾಕುತ್ತೀರಿ? ಕ್ರಿಕೆಟ್ ಹುಳ, ಮೀಲ್‌ವರ್ಮ್. ಎರಡರಲ್ಲೂ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಅದಕ್ಕೇ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಮೆತ್ತಿ ಹಾಕಬೇಕು, ಹುಳಕ್ಕೂ ಮೊದಲು ಒಳ್ಳೆ ಸೊಪ್ಪು ತರಕಾರಿ ತಿನ್ನಿಸಬೇಕು. ಪುಡಿ ಹಾಕುತ್ತೇನೆ ಅಂದೆ. ಡಬ್ಬಿ ತೆರೆದು ಎಷ್ಟು ದಿನವಾಯಿತು? ನಾನು ಸುಮ್ಮನಾದೆ. ಆ ಮೊಟ್ಟೆಗಳ ಹೊತ್ತಿಗೆ ಹಾಕುತ್ತಿದ್ದ ಹಳೇ ಡಬ್ಬಿ ತೆರೆದು ಎರಡು ವರ್ಷ ಆಗಿತ್ತು. ಕ್ಯಾಲ್ಸಿಯಂ ಎಲ್ಲಿಗೂ ಹೋಗುವುದಿಲ್ಲ, ಆದರೆ ತೆರೆದಿಟ್ಟ ಪುಡಿಯಲ್ಲಿ ವಿಟಮಿನ್ನುಗಳ ಸತ್ವ ಹೋಗುತ್ತದೆ. ಡಿ3 ಇಲ್ಲದಿದ್ದರೆ ಕ್ಯಾಲ್ಸಿಯಂ ತಿಂದರೂ ಮೈಗೆ ಹತ್ತುವುದಿಲ್ಲ. ಎರಡೆರಡರಂತೆ ಸಾಲಾಗಿ ಮೊಟ್ಟೆ ಇಡುವ ತಾಯಿ ಕೊಡುವುದು ತನ್ನ ಮೈಯಿಂದಲೇ ಅಲ್ವಾ?

ತಂದೆ ತಾಯಿಗೆ ಏನು ಸಂಬಂಧ? ಈ ಪ್ರಶ್ನೆ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಮನೆಗೆ ಬಂದು ಮಾರಿದವರಿಗೆ ಫೋನ್ ಮಾಡಿದೆ. "ಓ, ಅವೆರಡೂ ಒಂದೇ ತಾಯಿಯ ಮಕ್ಕಳು" ಅಂದರು, ಏನೂ ಆಗಿಲ್ಲವೆಂಬಂತೆ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ಗೊತ್ತು, ಅತ್ತೆಯ ಮಗಳನ್ನು ತರುವುದು ಗೊತ್ತು. ಇದು ಅದಕ್ಕೂ ಮುಂದಿನ ಹೆಜ್ಜೆ. ಬಣ್ಣ ಚೆನ್ನಾಗಿ ಬರಲಿ ಅಂತ ಅಣ್ಣ ತಂಗಿಯನ್ನು ಜೋಡಿ ಮಾಡುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಅಡಗಿ ಕೂತ ಕೆಟ್ಟ ಜೀನು ಎರಡೂ ಕಡೆಯಿಂದ ಬಂದರೆ ಮರಿಯಲ್ಲಿ ಹೊರಬೀಳುತ್ತದೆ. ಚೆಂದದ ಬಣ್ಣಕ್ಕೂ ಒಂದು ಬೆಲೆ ಇರುತ್ತದೆ. ಲೆಮನ್ ಫ್ರಾಸ್ಟ್ ಅಂತ ಒಂದು ಬಣ್ಣ ಬಂದಿತ್ತು, ನಿಂಬೆ ಹಳದಿ, ನೋಡಲು ಅಷ್ಟು ಚೆಂದ. ಅದರಲ್ಲಿ ಚರ್ಮದ ಗೆಡ್ಡೆ ಬರತೊಡಗಿತು. 2021ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಬಣ್ಣಕ್ಕೂ ಗೆಡ್ಡೆಗೂ ಎಸ್‌ಪಿಐಎನ್‌ಟಿ1 ಅನ್ನುವ ಒಂದೇ ಜೀನಿನ ಕಡೆ ಬೆರಳು ತೋರಿಸಿದರು. ನಮ್ಮ ಹುಣಸೆ, ಬೆಲ್ಲ ಆ ಬಣ್ಣದವಲ್ಲ. ಆದರೂ ಆ ಫೋನ್ ಇಟ್ಟ ಮೇಲೆ ಎರಡನ್ನೂ ಬೇರೆ ಬೇರೆ ತೊಟ್ಟಿಗೆ ಹಾಕಿದೆ.

ಮೂರನೇ ಪ್ರಶ್ನೆ ಕಾವಿನದು. 31.5 ಅಂದೆ, ತುಂಬಾ ಧೈರ್ಯವಾಗಿ. "ಯಾವತ್ತೂ ಏರಿಳಿತ ಆಗಿಲ್ಲವೇ? ಅದರಲ್ಲೂ ಮೊಟ್ಟೆ ಇಟ್ಟ ಮೊದಲ ದಿನಗಳಲ್ಲಿ?" ಬಾಲದ ಆ ಮಣಿಗಳೆಲ್ಲ ಸಾಲಾಗಿ ಮೂಡುವುದು ಶುರುವಿನಲ್ಲೇ ಅಂತೆ. ಆಗ ಬಿಸಿ ಏರಿದರೆ ಸಾಲು ತಪ್ಪುತ್ತದೆ. ಕೊನೆಯ ವಾರಗಳಲ್ಲಿ ಏರಿದರೆ ಮರಿ ಸಾಯಬಹುದು, ಆದರೆ ಆಗಲೇ ಮೂಡಿದ ಮೂಳೆ ಹೊಸದಾಗಿ ಸೊಟ್ಟಗಾಗುವುದು ಕಷ್ಟ. ಇಲ್ಲ, ಏನೂ ಆಗಿಲ್ಲ ಅಂದೆ.

ಮಗಳು ಪಕ್ಕದಲ್ಲೇ ಇದ್ದಳು. "ಅಪ್ಪಾ, ಆ ಗುಡುಗಿನ ದಿನ?" ಅಂದಳು.

ಅವಳು ದಿನಾ ಬೆಳಗ್ಗೆ ಪರದೆಯ ಅಂಕಿ ಬರೆದಿಡುತ್ತಿದ್ದಳು. ಮನೆಗೆ ಬಂದು ಆ ನೋಟ್‌ಬುಕ್ ತೆಗೆದೆವು. ಜೂನ್ 14ರ ಎದುರು ಹೀಗಿತ್ತು: "37.8!! ಮೈಕ್ರೊವೇವ್ ಗಡಿಯಾರ ಮಿಣುಕುತ್ತಿತ್ತು. ಅಪ್ಪ ಸರಿ ಮಾಡಿದರು." ಅಪ್ಪ ಸರಿ ಮಾಡಿ ಮರೆತೂ ಬಿಟ್ಟಿದ್ದರು. ಹಿಂದಿನ ರಾತ್ರಿ ಜೋರು ಗುಡುಗು ಸಿಡಿಲು. ನಡುರಾತ್ರಿ ಎಲ್ಲೋ ಕರೆಂಟು ಹೋಗಿ ಬಂದಿತ್ತು.

ಈ ಪೆಟ್ಟಿಗೆಯ ಗುಟ್ಟು ಇಲ್ಲಿದೆ. ಕರೆಂಟು ಹೋಗಿ ಬಂದರೆ ನಾವಿಟ್ಟ ಅಂಕಿಯನ್ನು ಇದು ಮರೆಯುತ್ತದೆ. ಕಾರ್ಖಾನೆಯಲ್ಲಿ ಹಾಕಿಕೊಟ್ಟ ಅಂಕಿಗೆ ವಾಪಸ್ ಹೋಗುತ್ತದೆ. ಅದು 37.8, ಕೋಳಿ ಮೊಟ್ಟೆಯ ಕಾವು. ಕೋಳಿಗೆ ಅದು ಅಮೃತ. ಹಲ್ಲಿಗೆ ಕೆಂಡ. ಜೊತೆಗೆ ಬಂದ ಕೈಪಿಡಿಯಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಅಲಾರಂ ಕೂಡ ಇಲ್ಲ, ಏಕೆಂದರೆ ಪೆಟ್ಟಿಗೆಯ ಲೆಕ್ಕದಲ್ಲಿ ಎಲ್ಲ ಸರಿಯಾಗೇ ಇದೆ.

ಸುಮ್ನೆ ಊಹೆ ಬೇಡ, ಪರೀಕ್ಷೆ ಮಾಡೋಣ ಅಂತ ಒಂದು ಪ್ರೋಬ್ ಥರ್ಮಾಮೀಟರ್ ತಂದೆ, ಅಂದರೆ ಅಳೆಯುವ ಕಡ್ಡಿಯನ್ನು ಬೇಕಾದಲ್ಲಿ ಹೂತಿಡಬಹುದಾದದ್ದು. ಅದರಲ್ಲಿ ಕಡಿಮೆ, ಜಾಸ್ತಿ ಎರಡೂ ಅಂಕಿ ನೆನಪಿರುತ್ತವೆ. ಮೊದಲು ಅದನ್ನೇ ಪರೀಕ್ಷೆ ಮಾಡಿದೆ. ಲೋಟದ ತುಂಬ ಪುಡಿ ಐಸು, ಮೇಲೆ ಸ್ವಲ್ಪ ನೀರು, ಪ್ರೋಬ್ ಮುಳುಗಿಸಿ ಐದು ನಿಮಿಷ. ಸೊನ್ನೆ ತೋರಿಸಬೇಕು, 0.2 ತೋರಿಸಿತು. ಸಾಕು. ಮೊಟ್ಟೆ ಇಡುವಂಥದೇ ಮುಚ್ಚಳದ ಡಬ್ಬಿಯಲ್ಲಿ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಮತ್ತು ನೀರು ಸಮ ತೂಕ ಕಲಸಿ ತುಂಬಿ, ಮೊಟ್ಟೆ ಇರುವ ಜಾಗದಲ್ಲಿ ಪ್ರೋಬ್ ಹೂತೆ. ಒಂದು ದಿನ 31.5ರಲ್ಲಿ ಓಡಿಸಿದೆ. ಆಮೇಲೆ ಪ್ಲಗ್ ಕಿತ್ತು, ಎರಡು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಪರದೆ 37.8ರ ಕಡೆ ಏರತೊಡಗಿತು. ಡಬ್ಬಿಯೊಳಗಿನ ಒದ್ದೆ ವರ್ಮಿಕ್ಯುಲೈಟ್ ನಿಧಾನ. ಎರಡು ಗಂಟೆಗೆ 34. ನಾಲ್ಕು ಗಂಟೆಗೆ 36. ಆ ರಾತ್ರಿ ಕರೆಂಟು ಯಾವಾಗ ಹೋಯಿತೋ, ನಾನು ಎದ್ದಿದ್ದು ಆರೂವರೆಗೆ.

ಆ ದಿನ ಮೊದಲ ಜೋಡಿಗೆ ಇಪ್ಪತ್ತಾರು ದಿನ. ಎರಡನೇ ಜೋಡಿಗೆ ಏಳೇ ದಿನ. ಒಂದೇ ಪೆಟ್ಟಿಗೆ, ಒಂದೇ ರಾತ್ರಿ, ಅಕ್ಕಪಕ್ಕದ ಡಬ್ಬಿ. ದೊಡ್ಡವು ನೇರ, ಚಿಕ್ಕವು ಡೊಂಕು. ಡಾಕ್ಟರು ಹೇಳಿದ್ದಕ್ಕೆ ಸರಿಯಾಗಿ ಹೊಂದುತ್ತದೆ.

ಇಲ್ಲಿಗೆ ತೀರ್ಪು ಕೊಟ್ಟು ಎದ್ದುಬಿಡಬಹುದಿತ್ತು. ಆದರೆ ನನ್ನ ಕೈಯಲ್ಲೂ ಮಣ್ಣಿದೆ. ಜೂನ್ 27ಕ್ಕೆ ಬಂದ ಮೂರನೇ ಜೋಡಿ ಇದೇ ಪೆಟ್ಟಿಗೆಯಲ್ಲಿ ನೇರ ಬಾಲದಲ್ಲೇ ಹುಟ್ಟಿತು. ಪೆಟ್ಟಿಗೆಗೆ ಕಾವು ತಪ್ಪದಿದ್ದರೆ ಮರಿ ಸರಿ, ಅಂತ ಬರೆಯೋಣ ಅಂದರೆ, ಅದೇ ಜೂನ್ ಮಧ್ಯದಲ್ಲಿ ಬೆಲ್ಲಕ್ಕೆ ಹೊಸ ಕ್ಯಾಲ್ಸಿಯಂ ಡಬ್ಬಿಯನ್ನೂ ತೆರೆದಿದ್ದೆ. ಹಳೆಯದು ಖಾಲಿಯಾಗಿತ್ತು, ಅಷ್ಟೇ ಕಾರಣ. ಎರಡೂ ಒಟ್ಟಿಗೆ ಬದಲಾದವು. ಕ್ಯಾಲ್ಸಿಯಂನದೇ ತಪ್ಪಾಗಿದ್ದರೆ ಮೇ ತಿಂಗಳ ಮೊದಲ ಜೋಡಿಯೂ ಕೆಡಬೇಕಿತ್ತು ಅಂತ ವಾದ ಮಾಡಬಹುದು. ಇಲ್ಲ, ಮೊದಲ ಜೋಡಿಗೆ ತಾಯಿಯ ಮೈಯಲ್ಲಿದ್ದ ದಾಸ್ತಾನು ಸಾಕಾಯಿತು, ಎರಡನೆಯದಕ್ಕೆ ಸಾಲಲಿಲ್ಲ ಅಂತಲೂ ವಾದ ಮಾಡಬಹುದು. ಅಣ್ಣ ತಂಗಿ ಜೀನಿನ ಲೆಕ್ಕ ಬೇರೆ. ಏಳನೇ ದಿನದ ಬಿಸಿಯ ಮೇಲೆ ನನ್ನ ಅನುಮಾನ ಹತ್ತಕ್ಕೆ ಎಂಟು ಪಾಲು. ಉಳಿದ ಎರಡು ಪಾಲು ನನ್ನ ಹಳೇ ಡಬ್ಬಿ ಮತ್ತು ಆ ಟೇಬಲ್ಲಿನ ವ್ಯಾಪಾರಿ ಹಂಚಿಕೊಳ್ಳಲಿ.

ಅಂದಹಾಗೆ ಮೂರನೇ ಜೋಡಿಯಲ್ಲಿ ಒಂದಕ್ಕೆ ಬಾಲದ ತುದಿ ಸ್ವಲ್ಪ ವಾಲಿದ್ದು ಕಂಡು ಮತ್ತೆ ಎದೆ ಧಸಕ್ ಅಂದಿತ್ತು. ನೋಡಿದರೆ ಪೊರೆ ಬಿಡುವಾಗ ತುದಿಯಲ್ಲಿ ಉಂಗುರದಂತೆ ಸಿಕ್ಕಿಕೊಂಡಿತ್ತು. ಬಿಟ್ಟರೆ ಅದು ರಕ್ತ ತಡೆದು ತುದಿಯನ್ನೇ ಕೊಲ್ಲುತ್ತದೆ. ಒದ್ದೆ ಪಾಚಿ ಹಾಕಿದ ಡಬ್ಬಿಯಲ್ಲಿ ಅರ್ಧ ಗಂಟೆ ಕೂರಿಸಿ, ಹತ್ತಿ ಕಡ್ಡಿಯಲ್ಲಿ ಮೆಲ್ಲಗೆ ಉರುಳಿಸಿದರೆ ಬಂತು. ಬಾಲ ನೆಟ್ಟಗಾಯಿತು. ಎಲ್ಲ ಸೊಟ್ಟವೂ ಸೊಟ್ಟವಲ್ಲ.

ಈಗ ಪೆಟ್ಟಿಗೆಯ ಬಗ್ಗೆಯೇ ಹೇಳಬೇಕಾದ್ದು. ಪರದೆಯ ಅಂಕಿ ಮತ್ತು ಮೊಟ್ಟೆಯ ಕಾವು ಒಂದೇ ಅಲ್ಲ. ಪರದೆ 31.5 ಅನ್ನುವಾಗ ತಂತಿಯ ಕೆಳಗೆ 32.6, ಮೂಲೆಯಲ್ಲಿ 30.2. ಕೋಳಿ ಸಾಕುವವರಿಗೆ ಇದು ದೊಡ್ಡದಲ್ಲದಿರಬಹುದು. ನಮಗೆ ಆ ಎರಡು ಡಿಗ್ರಿಯಲ್ಲಿ ಮರಿಯ ಲಿಂಗವೇ ಬದಲಾಗುತ್ತದೆ. ಕಿಟಕಿಗೆ ಹಬೆ ಕಟ್ಟಿ ಹನಿ ಬೀಳುತ್ತದೆ, ಹಾಗಾಗಿ ಮೊಟ್ಟೆ ಡಬ್ಬಿಗೆ ಮುಚ್ಚಳ ಬೇಕೇ ಬೇಕು, ಎರಡು ಸೂಜಿ ತೂತು ಸಾಕು. ಒಳ್ಳೆಯದೂ ಇದೆ. ಫ್ಯಾನು ಸದ್ದೇ ಮಾಡುವುದಿಲ್ಲ. ಕರೆಂಟು ನೆಟ್ಟಗಿದ್ದರೆ ತಿಂಗಳುಗಟ್ಟಲೆ ಅಂಕಿ ಅಲ್ಲಾಡುವುದಿಲ್ಲ. ನಾಲ್ಕು ಮರಿ ಇದರಲ್ಲೇ ಚೆನ್ನಾಗಿ ಹುಟ್ಟಿವೆ. ಬೇರೊಂದು ಥರ್ಮೋಸ್ಟಾಟ್ ಹಾಕಿ ಮೇಲಿನ ಮಿತಿ ಕಟ್ಟಿಹಾಕಿದರೆ, ಜೊತೆಗೆ ಒಂದು ಚಿಕ್ಕ ಯುಪಿಎಸ್ ಇಟ್ಟರೆ, ಇದು ನಡೆಯುವ ಪೆಟ್ಟಿಗೆಯೇ. ಆದರೆ ಅಷ್ಟೆಲ್ಲ ಸೇರಿಸಿದರೆ 70 ಡಾಲರಿನ ಪೆಟ್ಟಿಗೆ 170 ಆಗುತ್ತದೆ. ನಾಲ್ಕನೇ ಜೋಡಿಯನ್ನು ಪಿಕ್‌ನಿಕ್ಕಿಗೆ ಒಯ್ಯುವ ಹಳೇ ಕೂಲರ್ ಪೆಟ್ಟಿಗೆಯಲ್ಲಿ ಬಿಸಿ ಟೇಪು ಮತ್ತು ಥರ್ಮೋಸ್ಟಾಟ್ ಹಾಕಿ ಇಟ್ಟೆ. ಒಂದು ಮೊಟ್ಟೆ ಜೊಳ್ಳು, ಬೂಸ್ಟು ಹಿಡಿಯಿತು. ಇನ್ನೊಂದು ಸೆಪ್ಟೆಂಬರ್ ಶುರುವಿನಲ್ಲಿ ನೆಟ್ಟಗೆ ಹೊರಗೆ ಬಂತು.

ಅಮ್ಮನಿಗೆ ಈ ಕಥೆಯೆಲ್ಲ ಹೇಳಿದೆ. ಅವರು ಆಶ್ಚರ್ಯವನ್ನೇನೂ ಪಡಲಿಲ್ಲ. "ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ನಿಮ್ಮಜ್ಜಿ ಹೇಳ್ತಿರಲಿಲ್ವಾ? ಕೋಳಿ ಕಾವಿಗೆ ಕೂರಿಸುವಾಗ ಬುಟ್ಟಿಗೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಹಾಕ್ತಿದ್ವಿ. ನೀನೇನಾದ್ರೂ ಹಾಕಿದ್ಯಾ?" ಇಲ್ಲಮ್ಮ, ಅಂದೆ. "ಮತ್ತೆ?" ಅಂದರು. ಆ "ಮತ್ತೆ"ಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಬುಗುರಿ, ಕೊಕ್ಕೆ ಎರಡೂ ಚೆನ್ನಾಗಿವೆ. ಮೂರು ಗ್ರಾಂ ಇದ್ದವು ಈಗ ಹದಿನೆಂಟರ ಹತ್ತಿರ. ಈ ಜಾತಿ ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತದೆ, ತಿರುವಿನ ಎರಡೂ ಪಕ್ಕ ದಪ್ಪವಾಗುತ್ತಿದೆ. ಬಾಲ ಕಳಚಿ ಬಿದ್ದರೆ ಹೊಸದು ನೇರ ಬರುತ್ತಲ್ಲ ಅಂತ ಗೆಳೆಯನೊಬ್ಬ ಕೇಳಿದ. ಬರುತ್ತದೆ, ಒಳಗೆ ಮೂಳೆಯ ಬದಲು ಮೃದ್ವಸ್ಥಿಯ ಕೋಲಿರುತ್ತದೆ, ಮೇಲೆ ಮೂಲಂಗಿಯಂತೆ ಊದಿಕೊಳ್ಳುತ್ತದೆ. ಅದಕ್ಕಾಗಿ ಬಾಲ ಎಳೆಯುವವರನ್ನು ಮನೆಗೆ ಸೇರಿಸುವುದಿಲ್ಲ. ಇವೆರಡನ್ನು ಮಾರುವುದೂ ಇಲ್ಲ, ಮರಿ ಮಾಡಿಸುವುದೂ ಇಲ್ಲ. ತಿರುವಿನ ಸಂದಿಯಲ್ಲಿ ಪೊರೆ ಸಿಕ್ಕಿಕೊಳ್ಳುತ್ತದೆ ಅಂತ ವಾರಕ್ಕೊಮ್ಮೆ ನೋಡುವುದು ಮಗಳ ಕೆಲಸ.

ಪೆಟ್ಟಿಗೆ ಈಗ ಗ್ಯಾರೇಜಿನಲ್ಲಿದೆ. ಇಲ್ಲಿನ ಚಳಿಯಲ್ಲಿ ಇಡ್ಲಿ ಹಿಟ್ಟು ಎರಡು ದಿನವಾದರೂ ಉಬ್ಬುವುದಿಲ್ಲ, ಅದನ್ನು ನನಗೆ ಕೊಡಿ ಅಂತ ಹೆಂಡತಿ ಕೇಳಿದಳು. ಹಲ್ಲಿ ಇದ್ದ ಪೆಟ್ಟಿಗೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು, ಅಡುಗೆ ಮನೆಗೆ ಅದು ಬರಕೂಡದು ಅಂದೆ. ಅವಳು ಮರುಮಾತಾಡದೆ ಅದೇ ಮಾದರಿಯ ಹೊಸದೊಂದನ್ನು ತರಿಸಿಕೊಂಡಳು. 30 ಡಿಗ್ರಿ, ಹತ್ತು ಗಂಟೆ, ಹಿಟ್ಟು ಪಾತ್ರೆಯ ಬಾಯಿಗೆ ಬಂದಿರುತ್ತದೆ. ಹೋದ ವಾರ ಕರೆಂಟು ಹೋಗಿ ಬಂದು 37.8ಕ್ಕೆ ಏರಿತ್ತು. ಹಿಟ್ಟು ಉಕ್ಕಿ ಫ್ಯಾನಿನವರೆಗೂ ಮೆತ್ತಿಕೊಂಡಿತ್ತು. ಇಡ್ಲಿ ಮಾತ್ರ ಮಲ್ಲಿಗೆ ಹೂವು. ಅವಳ ರಿವ್ಯೂ ಬೇರೆ ಇದೆ, ಐದು ಸ್ಟಾರ್.